ಕೆರೆ ಅಂಗಳವೇ ನನ್ನ ಕ್ರಾಸ್ ಕಂಟ್ರಿ ಕೋರ್ಸ್

ನಮ್ಮೂರು ಕೋಲಾರದ ಹತ್ತಿರ. ಶಾಲೆಯಲ್ಲಿ ನಾನು 1500 ಮೀಟರ್ ಓಡುತ್ತಿದ್ದೆ. ಕೊನೆಯ ಸುತ್ತಿನಲ್ಲಿ ಸ್ಪೀಡ್ ಇದ್ದ ಹುಡುಗಿಯರೆಲ್ಲ ನನ್ನನ್ನು ದಾಟಿ ಹೋಗುತ್ತಿದ್ದರು. ಪಿ.ಟಿ. ಮೇಷ್ಟ್ರು ನೋಡಿ ನೋಡಿ, "ನಿಂಗೆ ಉದ್ದದ ಓಟಾನೇ ಸರಿ ಕಣಮ್ಮ" ಎಂದು ಕ್ರಾಸ್ ಕಂಟ್ರಿಗೆ, ಅಂದರೆ ಟ್ರ್ಯಾಕ್ ಬಿಟ್ಟು ಬಯಲು, ಮಣ್ಣು, ಏರುತಗ್ಗಿನಲ್ಲಿ ಓಡುವ ಉದ್ದದ ಓಟಕ್ಕೆ, ಹೆಸರು ಕೊಟ್ಟರು.

ಅಭ್ಯಾಸಕ್ಕೆ ಇದ್ದದ್ದು ಒಣಗಿದ ಕೆರೆ. ಅಂಚಿನಲ್ಲಿ ಮರಳು, ನಡುವೆ ಬಿರುಕು ಬಿಟ್ಟ ಗೋಡುಮಣ್ಣು, ಆಚೆ ಏರಿ. ಒಂದೇ ಸುತ್ತಿನಲ್ಲಿ ಮೂರು ಥರದ ನೆಲ! ಬಿರುಕಿನ ಮಣ್ಣಿನಲ್ಲಿ ಹೆಜ್ಜೆ ಚಿಕ್ಕದಾಗಿಡಬೇಕು, ಕಣ್ಣು ನಾಲ್ಕು ಹೆಜ್ಜೆ ಮುಂದಿರಬೇಕು. ಕಾಲ ಬುಡ ನೋಡುತ್ತಾ ಓಡಿದರೆ ಪಾದ ಉಳುಕುವುದು ಗ್ಯಾರಂಟಿ. ಏರಿ ಹತ್ತುವಾಗ ಕೈ ಜೋರಾಗಿ ಬೀಸಿ, ಮುಂಗಾಲಿನಲ್ಲೇ ಹತ್ತುತ್ತಿದ್ದೆ. ಮೇಲೆ ಮುಟ್ಟಿದ ತಕ್ಷಣ ಎಲ್ಲರೂ ಉಸಿರು ತೆಗೆದುಕೊಳ್ಳಲು ನಿಧಾನ ಮಾಡುತ್ತಾರೆ. ಅಲ್ಲೇ ಇನ್ನೂ ಇಪ್ಪತ್ತು ಹೆಜ್ಜೆ ಅದೇ ವೇಗದಲ್ಲಿ ಹೋಗಬೇಕು. ನಾನು ಗೆದ್ದ ರೇಸುಗಳೆಲ್ಲ ಹೆಚ್ಚುಕಮ್ಮಿ ಆ ಇಪ್ಪತ್ತು ಹೆಜ್ಜೆಯಲ್ಲೇ ಗೆದ್ದದ್ದು.

ಏರಿ ಮೇಲೆ ಹೋಗುವವರು "ಯಾಕಮ್ಮ, ಬಸ್ಸು ಹೋಗ್ಬಿಡ್ತಾ?" ಎಂದು ಕೇಳುತ್ತಿದ್ದರು. ಸುಮ್ನೆ ನಕ್ಕು ಓಡುತ್ತಿದ್ದೆ.

2018ರಲ್ಲಿ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬರತೊಡಗಿತು. ಮುಂದೆ ನಮ್ಮ ಕೆರೆಯೂ ತುಂಬಿತು. ಊರಿಗೆಲ್ಲ ಖುಷಿ, ನನಗೆ ಮಾತ್ರ ಕೋರ್ಸ್ ಇಲ್ಲ! ಅಂತರಗಂಗೆ ಬೆಟ್ಟದ ಬುಡಕ್ಕೆ ಹೋಗಲು ಶುರುಮಾಡಿದೆ.

ಹೆಂಗಸರ ಓಟದ ದೂರದ ಬಗ್ಗೆ ಒಂದು ಮಾತು. ವಿಶ್ವ ಕ್ರಾಸ್ ಕಂಟ್ರಿಯಲ್ಲಿ ಸೀನಿಯರ್ ಹೆಂಗಸರಿಗೆ ಮೊದಲು 8 ಕಿ.ಮೀ. ಇತ್ತು. 2017ರಲ್ಲಿ ಕಂಪಾಲಾದಲ್ಲಿ ಗಂಡಸರಷ್ಟೇ, ಅಂದರೆ 10 ಕಿ.ಮೀ. ಆಯಿತು. "ಹುಡುಗೀರಿಗೆ ಜಾಸ್ತಿ ಆಗಲ್ವಾ?" ಎಂದವರು ನಮ್ಮಲ್ಲೂ ಇದ್ದರು. ಒಲಿಂಪಿಕ್ಸ್‌ನಲ್ಲಿ ಹೆಂಗಸರು 1984ರಿಂದ ಮ್ಯಾರಥಾನ್ ಓಡುತ್ತಿದ್ದಾರೆ. 2010ರ ಏಷ್ಯನ್ ಗೇಮ್ಸ್‌ನ 10,000 ಮೀಟರ್‌ನಲ್ಲಿ ನಮ್ಮ ದೇಶದ ಪ್ರೀಜಾ ಶ್ರೀಧರನ್‌ಗೆ ಚಿನ್ನ, ಕವಿತಾ ರಾವುತ್‌ಗೆ ಬೆಳ್ಳಿ ಬಂದಿತ್ತು. ಇನ್ನೇನು ಬೇಕು?

ನನ್ನನ್ನು ನಿಜವಾಗಿ ಹಿಂದಕ್ಕೆ ಎಳೆದದ್ದು ರಕ್ತ. ಒಂದು ಸೀಸನ್ ಪೂರ್ತಿ ಕಾಲು ಎತ್ತೋದೇ ಕಷ್ಟವಾಗಿತ್ತು. ಆಗಿನ ಕೋಚ್ ಒಬ್ಬರು, "ತೂಕ ಜಾಸ್ತಿ ಆಗಿದೆ, ಮುದ್ದೆ ಬಿಡು" ಎಂದರು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ. ಹೆಂಗಸರಿಗೆ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಅಂತಲೇ ಲೆಕ್ಕ. ತಿಂಗಳ ಮುಟ್ಟಿನ ಜೊತೆ ಇಷ್ಟು ಓಟವೂ ಸೇರಿದರೆ ಕಬ್ಬಿಣದ ಅಂಶ ಬೇಗ ಕರಗುತ್ತದೆ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಂಡೆ. ಊಟದ ಬೆನ್ನಿಗೇ ಟೀ ಕುಡಿಯುವುದನ್ನು ನಿಲ್ಲಿಸಿದೆ, ಅದು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ. ಮುದ್ದೆ, ಹುರುಳಿಕಾಳು ಬಸ್ಸಾರು ಬಿಡಲಿಲ್ಲ. ಊಟ ಕಡಿಮೆ ಮಾಡಿ ಮುಟ್ಟು ನಿಂತರೆ ಅದನ್ನೇ ಫಿಟ್‌ನೆಸ್ ಅಂದುಕೊಳ್ಳುವ ಹುಡುಗಿಯರಿದ್ದಾರೆ. ಹಾಗೆ ನಿಂತರೆ ಮೂಳೆ ಸವೆಯುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಕೋಚ್‌ಗೆ ಹೇಳಲು ನಾಚಿಕೆಯಾದರೆ ಅಮ್ಮನಿಗಾದರೂ ಹೇಳಿ, ಡಾಕ್ಟರ ಹತ್ತಿರ ಹೋಗಿ.

ಟೀಮ್ ಲೆಕ್ಕವೂ ತಿಳಿದಿರಲಿ. ವಿಶ್ವ ಮಟ್ಟದಲ್ಲಿ ಆರು ಜನ ಓಡಿದರೆ ಮೊದಲ ನಾಲ್ವರ ಸ್ಥಾನ ಕೂಡುತ್ತಾರೆ, ಮೊತ್ತ ಕಡಿಮೆ ಇದ್ದವರು ಗೆದ್ದರು. ನಾಲ್ಕನೆಯವಳು ಒಬ್ಬಳನ್ನು ದಾಟಿದರೂ ಪದಕ ಬದಲಾಗಬಹುದು. ನಾನು ಹೆಚ್ಚಾಗಿ ಆ ನಾಲ್ಕನೆಯವಳೇ. ಅದಕ್ಕೇ ವಾಚ್ ಬಿಟ್ಟು, ಮುಂದಿರುವವಳ ಜಡೆ ನೋಡಿಕೊಂಡೇ ಓಡುತ್ತಿದ್ದೆ.

ಈಗ ಊರಿನ ಹುಡುಗಿಯರು ಮೊದಲು ಕೇಳುವುದು ಸ್ಪೈಕ್ಸ್ ಬಗ್ಗೆ, ಅಂದರೆ ಅಡಿಯಲ್ಲಿ ಮೊಳೆಯಂಥ ಪಿನ್ ಇರುವ ಶೂ ಬಗ್ಗೆ. ಒಣ ಕೆಮ್ಮಣ್ಣಿಗೆ ಗಿಡ್ಡ ಪಿನ್ ಸಾಕು, ಕೆಸರಿದ್ದರೆ ಉದ್ದದ್ದು. ಹಿಂದಿನ ದಿನ ಕೋರ್ಸ್ ಪೂರ್ತಿ ನಡೆದು ನೋಡಿ, ಆಮೇಲೆ ಪಿನ್ ಹಾಕಿಕೊಳ್ಳಿ ಎನ್ನುತ್ತೇನೆ.