ಒಂದು ಕೆಲಸಕ್ಕೆ ಒಂದೇ ಅಳತೆ ಇಟ್ಟುಕೊಳ್ಳಿ

ಹೋದ ವರ್ಷ ಮಾವಿನಕಾಯಿ ಕಾಲದಲ್ಲಿ ಅಮೆರಿಕದಲ್ಲಿರುವ ಮಗಳು ಫೋನ್ ಮಾಡಿದಳು. "ಅಮ್ಮಾ, ಉಪ್ಪಿನಕಾಯಿ ಬಾಯಿಗಿಡೋಕೆ ಆಗ್ತಿಲ್ಲ, ಬರೀ ಉಪ್ಪು" ಅಂದಳು. ನಾನು ಹೇಳಿಕೊಟ್ಟಿದ್ದು ಎರಡು ಸೇರು ಮಾವಿನ ಹೋಳುಗಳಿಗೆ ಒಂದು ಪಾವು ಉಪ್ಪು. ಸೇರಿಗೆ ನಾಲ್ಕು ಪಾವು, ಅಂದರೆ ಎಂಟಕ್ಕೆ ಒಂದು. ಅವಳ ಹತ್ತಿರ ಪಾವು ಎಲ್ಲಿಂದ ಬರಬೇಕು, ಅಲ್ಲಿನ ಕಪ್ಪಿನಲ್ಲೇ ಎಂಟಕ್ಕೆ ಒಂದರಂತೆ ಅಳೆದಿದ್ದಾಳೆ. ಅದರಲ್ಲಿ ತಪ್ಪೇನಿಲ್ಲ. ತಪ್ಪಿದ್ದು ಉಪ್ಪಿನಲ್ಲಿ. ನಾನು ಹಾಕುವುದು ಕಲ್ಲುಪ್ಪು, ಅವಳು ಹಾಕಿದ್ದು ಪುಡಿ ಉಪ್ಪು. ಕಲ್ಲುಪ್ಪಿನ ಹರಳುಗಳ ನಡುವೆ ಜಾಗ ಉಳಿಯುತ್ತದೆ, ಪುಡಿ ಉಪ್ಪು ಒತ್ತಾಗಿ ಕೂರುತ್ತದೆ. ಹಾಗಾಗಿ ಅದೇ ಕಪ್ಪಿನಲ್ಲಿ ಉಪ್ಪು ಜಾಸ್ತಿ ಹಿಡಿಯಿತು. ಈ ಸಲ ತೂಕದಲ್ಲೇ ಹೇಳಿದೆ: ಒಂದು ಕೆಜಿ ಹೋಳಿಗೆ 200 ಗ್ರಾಂ ಉಪ್ಪು, ಕಲ್ಲುಪ್ಪಾದರೂ ಸರಿ, ಪುಡಿ ಉಪ್ಪಾದರೂ ಸರಿ. ಉಪ್ಪಿನಕಾಯಿ ಚೆನ್ನಾಗಿ ಬಂತು.

ಕಿಲೋ ಒಳ್ಳೆಯದೋ ಸೇರು ಒಳ್ಳೆಯದೋ, ಅಡಿ ಸರಿಯೋ ಮೀಟರ್ ಸರಿಯೋ ಅಂತ ಮನೆಯಲ್ಲಿ ಮಾತು ಬಂದಾಗಲೆಲ್ಲ ನಾನು ಹೇಳುವುದು ಒಂದೇ. ದುಡ್ಡು ಕೊಟ್ಟು ಕೊಳ್ಳುವುದಕ್ಕೆ, ಔಷಧಿಗೆ, ಕತ್ತರಿಸಿದರೆ ಮತ್ತೆ ಜೋಡಿಸಲಾಗದ ವಸ್ತುವಿಗೆ ಗ್ರಾಂ, ಮಿಲಿ, ಸೆಂಟಿಮೀಟರ್. ದಿನದ ಅಡುಗೆಗೆ ನಿಮ್ಮ ಮನೆಯ ಪಾವು. ಆದರೆ ಒಂದು ಕೆಲಸ ಶುರು ಮಾಡಿದ ಮೇಲೆ ಕೊನೆವರೆಗೂ ಒಂದೇ ಅಳತೆ, ನಡುವೆ ಬದಲಾಯಿಸಬಾರದು.

ಕಿಲೋ ಬಂದ ಕಾಲದಲ್ಲಿ ನಾನು ಶಾಲೆಗೆ ಹೋಗುತ್ತಿದ್ದೆ. ಕಾನೂನು ಆಗಿದ್ದು 1956ರಲ್ಲಿ, ಹೊಸ ತೂಕ ಬಳಕೆಗೆ ಬರತೊಡಗಿದ್ದು 1958ರಿಂದ, ಎಲ್ಲ ಕಡೆ ಕಡ್ಡಾಯ ಆಗುವ ಹೊತ್ತಿಗೆ 1962. ನಮ್ಮಜ್ಜಿಗೆ ಅದು ಒಗ್ಗಲೇ ಇಲ್ಲ, ಕೊನೆವರೆಗೂ ಸೇರಿನಲ್ಲೇ ಕೇಳುತ್ತಿದ್ದರು. ಆದರೆ ಆ ತೂಕದ ಸೇರು ಯಾವ ಸೇರು? 80 ತೊಲದ ಪಕ್ಕಾ ಸೇರು ಅಂದರೆ 933 ಗ್ರಾಂ. ನಮ್ಮ ಮೈಸೂರು ಕಡೆಯ ಕಚ್ಚಾ ಸೇರು 24 ತೊಲ, ಹೆಚ್ಚೂಕಮ್ಮಿ 280 ಗ್ರಾಂ. ಹೆಸರು ಒಂದೇ, ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಊರು ಬಿಟ್ಟು ಊರಿಗೆ ಹೋದವರು ಮೋಸ ಹೋಗುತ್ತಿದ್ದದ್ದು ಇಲ್ಲೇ. ಕಿಲೋ ಎಲ್ಲಿ ಹೋದರೂ ಕಿಲೋನೇ ಅಲ್ವಾ, ಬಡವರಿಗೆ ಅದರಿಂದ ನಿಜಕ್ಕೂ ಒಳ್ಳೆಯದಾಯಿತು.

ಚಿನ್ನದ ವಿಷಯದಲ್ಲಿ ಈಗಲೂ ಎಚ್ಚರ ಬೇಕು. ಹಳೇ ತೊಲ 11.66 ಗ್ರಾಂ, ಈಗ ಎಷ್ಟೋ ಜನ ತೊಲ ಅಂದರೆ 10 ಗ್ರಾಂ ಅಂತಲೇ ಲೆಕ್ಕ ಹಾಕುತ್ತಾರೆ, ಸವರನ್ 8 ಗ್ರಾಂ. ಅಜ್ಜಿಯ ಕಾಲದ ಸರ ಮೂರು ತೊಲ ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದರೆ ಮಾರುವ ಮೊದಲು ಗ್ರಾಂನಲ್ಲಿ ತೂಗಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ತೊಲಕ್ಕೆ ಒಂದೂವರೆ ಗ್ರಾಂಗಿಂತ ಜಾಸ್ತಿ ಆಚೀಚೆ ಆಗುತ್ತದೆ.

ಇನ್ನು ಅಡಿ, ಇಂಚು. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕಿಸುವಾಗ ನಮ್ಮ ಮನೆಯವರು ಉದ್ದ ಐದು ಅಡಿ ಹತ್ತು ಇಂಚು ಅಂತ ಅಳೆದು, ಚೀಟಿಯಲ್ಲಿ 5.10 ಅಂತ ಬರೆದುಕೊಟ್ಟರು. ಅಂಗಡಿಯ ಹುಡುಗ ಕ್ಯಾಲ್ಕುಲೇಟರ್‌ನಲ್ಲಿ ಓದುವ ಹಾಗೆ ಓದಿದ. 5.10 ಅಡಿ ಅಂದರೆ ಐದು ಅಡಿ, ಒಂದು ಇಂಚಿನ ಮೇಲೆ ಒಂದು ಚೂರು. ಕಲ್ಲು ಬಂದಾಗ ಸುಮಾರು ಒಂಬತ್ತು ಇಂಚು ಗಿಡ್ಡ. ಹೊಳೆಯುವ ಕರಿ ಕಲ್ಲು, ಅಂಚು ಕೂಡ ಉಜ್ಜಿ ಆಗಿತ್ತು, ಗೋಡೆಗೆ ತಾಗಿಸಿ ಇಟ್ಟರೆ ಸ್ಟೌ ಪಕ್ಕದಲ್ಲಿ ಒಂದು ಗೇಣು ಖಾಲಿ. ಯಾರನ್ನು ಬೈಯುವುದು? ಅಡಿಗೆ ಹನ್ನೆರಡು ಇಂಚು, ಹತ್ತಲ್ಲ, ಅದಕ್ಕೆ ಚುಕ್ಕಿ ಇಟ್ಟು ಬರೆಯಲೇಬಾರದು. ಆವತ್ತಿನಿಂದ ನಮ್ಮ ಮನೆಯಲ್ಲಿ ಬಡಗಿಗೆ, ಕಲ್ಲಿನವರಿಗೆ, ಗಾಜಿನವರಿಗೆ ಕೊಡುವ ಚೀಟಿಯಲ್ಲಿ ಒಂದೇ ಅಂಕಿ, ಅದೂ ಮಿಲಿಮೀಟರ್‌ನಲ್ಲಿ: 1778. ಬಡಗಿ ಇಂಚಲ್ಲೇ ಹೇಳಿ ಅಂದರೆ 70 ಇಂಚು ಅಂತ ಪೂರ್ತಿ ಇಂಚಿನಲ್ಲೇ ಹೇಳಿ, ಅಡಿ ಬೇಡ. ಒಂದು ಇಂಚಿಗೆ 25.4 ಮಿಲಿಮೀಟರ್, ಈ ಒಂದು ಲೆಕ್ಕ ನೆನಪಿದ್ದರೆ ಸಾಕು. ಟೇಪಿನ ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರ್ ಇರುತ್ತದೆ, ಅಳೆಯುವಾಗ ಯಾವ ಅಂಚು ಅಂತ ಗಟ್ಟಿಯಾಗಿ ಬಾಯಲ್ಲಿ ಹೇಳಿಕೊಂಡೇ ಬರೆಯಿರಿ.

ಮನೆ ಕಟ್ಟಿಸುವವರಿಗೆ ಇನ್ನೊಂದು ಮಾತು. ನಮ್ಮ ಮೇಸ್ತ್ರಿಗಳು ಹತ್ತು ಚದರದ ಮನೆ ಅಂತಾರಲ್ಲ, ಆ ಚದರ ಅಂದರೆ 100 ಚದರ ಅಡಿ. ಪತ್ರದಲ್ಲಿ ಚದರ ಮೀಟರ್ ಬರೆದಿರಬಹುದು. ಒಂದು ಚದರ ಮೀಟರ್‌ಗೆ 10.76 ಚದರ ಅಡಿ. ಮೂವತ್ತು ನಲವತ್ತರ ಸೈಟು ಅಂದರೆ 1200 ಚದರ ಅಡಿ, ಪತ್ರದಲ್ಲಿ 111.48 ಚದರ ಮೀಟರ್ ಅಂತ ನೋಡಿ ಗಾಬರಿ ಬೀಳಬೇಡಿ, ಎರಡೂ ಒಂದೇ. ಊರಿನ ಜಮೀನಿನಲ್ಲಿ ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ ಎಕರೆ ಗುಂಟೆ ಇರುವಾಗ ಅಲ್ಲಿ ಹಾಗೇ ಓದಿ, ಅರ್ಧ ಹೆಕ್ಟೇರ್ ಅಂತ ತಲೆಯಲ್ಲಿ ತಿರುಗಿಸಲು ಹೋಗಬೇಡಿ.

ಬಟ್ಟೆ ವಿಷಯ ಸಲೀಸು. ಬಾಗಿಲಿಗೆ ಪರದೆ ಹೊಲಿಸುವಾಗ ಬಾಗಿಲು ಏಳು ಅಡಿ ಅಂತ ಅಳೆದು ಅಂಗಡಿಯಲ್ಲಿ ಮೀಟರ್‌ನಲ್ಲಿ ಕೇಳಬೇಕಾಗುತ್ತದೆ. ಮೇಲೂ ಕೆಳಗೂ ಮಡಿಕೆಗೆ ಸೇರಿ ಹತ್ತು ಇಂಚು ಬಿಟ್ಟರೆ ಒಂದು ಪರದೆಗೆ 2.4 ಮೀಟರ್ ಬೇಕು. ಹತ್ತಿ ಬಟ್ಟೆಯಾದರೆ ಸ್ವಲ್ಪ ಜಾಸ್ತಿ ತಂದು, ಒಂದು ಸಲ ನೀರಿಗೆ ಹಾಕಿ ಒಣಗಿಸಿದ ಮೇಲೆ ಹೊಲಿಯಲು ಕೊಡಿ. ನಮ್ಮತ್ತೆ ಉಡುತ್ತಿದ್ದ ಹದಿನೆಂಟು ಮೊಳದ ಸೀರೆ ಒಂಬತ್ತು ಗಜ, ಈಗಿನ ಲೆಕ್ಕದಲ್ಲಿ 8.2 ಮೀಟರ್. ಮೊಳ ಅಂದರೆ ಅರ್ಧ ಗಜ ಅಂತ ಆ ಸೀರೆ ಮಡಚುವಾಗಲೇ ನಾನು ಕಲಿತಿದ್ದು.

ಔಷಧಿಯ ಮಾತು ಮಾತ್ರ ದಯವಿಟ್ಟು ಗಮನ ಕೊಟ್ಟು ಓದಿ. "ಮಗುವಿಗೆ ಒಂದು ಚಮಚ ಕೊಡಿ" ಅಂದಾಗ ಆ ಚಮಚ ಅಂದರೆ 5 ಮಿಲಿ, ನಿಮ್ಮ ಸಕ್ಕರೆ ಡಬ್ಬಿಯ ಚಮಚ ಅಲ್ಲ. ಅದು ಮೂರು ಮಿಲಿ ಹಿಡಿಯಬಹುದು, ಏಳೂ ಹಿಡಿಯಬಹುದು. ಡಾಕ್ಟರ ಹತ್ತಿರ "ಎಷ್ಟು ಮಿಲಿ?" ಅಂತ ಕೇಳಿ ಬರೆಸಿಕೊಳ್ಳಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ಕೊಡಿ. ಪ್ಯಾರಾಸಿಟಮಾಲ್ ಸಿರಪ್ ನಮ್ಮಲ್ಲಿ 5 ಮಿಲಿಗೆ 120 ಮಿಲಿಗ್ರಾಂನದೂ ಸಿಗುತ್ತದೆ, 250ರದೂ ಸಿಗುತ್ತದೆ. ಅಮೆರಿಕದಲ್ಲಿ ಮಕ್ಕಳ ಸಿರಪ್ 160. ಮೊಮ್ಮಗುವನ್ನು ಕರೆದುಕೊಂಡು ಮಗಳು ಬಂದಾಗ ಅಲ್ಲಿನ ಲೆಕ್ಕವನ್ನು ಇಲ್ಲಿನ ಬಾಟಲಿಗೆ ಹಾಕಬೇಡಿ, ಬಾಟಲಿಯನ್ನೇ ಡಾಕ್ಟರಿಗೆ ತೋರಿಸಿ. ಜ್ವರಕ್ಕೂ ಹಾಗೆಯೇ. ನಾವು ನೂರು, ನೂರೊಂದು ಅನ್ನುವುದು ಫ್ಯಾರನ್‌ಹೀಟ್. ಸೆಲ್ಸಿಯಸ್ ಥರ್ಮಾಮೀಟರ್ 38 ತೋರಿಸಿದರೆ ಅದು 100.4, 39 ತೋರಿಸಿದರೆ 102.2, 40 ಅಂದರೆ 104. ಮೂರು ತಿಂಗಳೊಳಗಿನ ಕೂಸಿಗೆ 38 ಮುಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ. ಈ ಅಂಕಿಗಳನ್ನು ಬರೆದು ಔಷಧಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಅಡುಗೆಗೆ ನಾನು ಪಾವು ಬಿಟ್ಟಿಲ್ಲ, ನೀವೂ ಬಿಡಬೇಕಾಗಿಲ್ಲ. ಅಕ್ಕಿ, ಬೇಳೆ, ನೀರು ಒಂದೇ ಪಾತ್ರೆಯಲ್ಲಿ ಅಳೆದರೆ ಬಿಸಿಬೇಳೆಬಾತ್ ಕೆಡುವುದಿಲ್ಲ. ಹೊರದೇಶದ ಮಕ್ಕಳಿಗೆ ಹೇಳಿಕೊಡುವಾಗ ಮಾತ್ರ ನೋಡಿಕೊಳ್ಳಿ. ಅಮೆರಿಕದ ಕಪ್ಪು 240 ಮಿಲಿ, ಆಸ್ಟ್ರೇಲಿಯಾದ್ದು 250, ದೊಡ್ಡ ಚಮಚ ಅಮೆರಿಕದಲ್ಲಿ 15 ಮಿಲಿ, ಆಸ್ಟ್ರೇಲಿಯಾದಲ್ಲಿ ಇಪ್ಪತ್ತು. ಕಪ್ಪಿನಲ್ಲಿ ಏನೂ ಆಗುವುದಿಲ್ಲ, ಚಮಚದಲ್ಲಿ ಮೆಂತ್ಯದ ಪುಡಿ ಹಾಕಿದರೆ ಕಹಿ ಗೊತ್ತಾಗುತ್ತದೆ.

ನಿಮ್ಮ ಮನೆಯಲ್ಲಿ ಹಳೇ ಹಿತ್ತಾಳೆ ಪಾವು ಇದ್ದರೆ ಈ ಕೆಲಸ ಇವತ್ತೇ ಮಾಡಿ. ಅಂಚಿನವರೆಗೆ ನೀರು ತುಂಬಿಸಿ ಅಳತೆಯ ಲೋಟಕ್ಕೆ ಸುರಿದು ಎಷ್ಟು ಮಿಲಿ ನೋಡಿ. ಆಮೇಲೆ ಒರೆಸಿ ಒಣಗಿಸಿ, ಅಕ್ಕಿ ತುಂಬಿ ಕೈಯಿಂದ ಸವರಿ, ತಕ್ಕಡಿಯ ಮೇಲಿಟ್ಟ ಖಾಲಿ ತಟ್ಟೆಯನ್ನು ಸೊನ್ನೆಗೆ ತಂದು ಅದಕ್ಕೆ ಸುರಿಯಿರಿ. ರವೆ, ಕಲ್ಲುಪ್ಪು, ಬೆಲ್ಲದ ಪುಡಿ, ಗಟ್ಟಿ ಅವಲಕ್ಕಿ, ಒಂದೊಂದರ ತೂಕವೂ ಬೇರೆ ಬೇರೆ ಬರುತ್ತದೆ, ಎಲ್ಲ ಬರೆದಿಟ್ಟುಕೊಳ್ಳಿ. ನಾನು ನೀರಿನ ಅಳತೆಯನ್ನು ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವನ ಕೈಲಿ ಪಾವಿನ ತಳದಲ್ಲೇ ಬರೆಸಿದ್ದೇನೆ, ನಮ್ಮತ್ತೆಯ ಹೆಸರಿನ ಕೆಳಗೆ.