ಹಳೇ ಲ್ಯಾಬಿಗೆ ಹೊಸ ಕಂಪ್ಯೂಟರ್ ಸೇರಿಸುವುದು ಹೇಗೆ?

"ಸರ, ಹೊಸಾ ಕಂಪ್ಯೂಟರ್ ಕೆಟ್ಟು ಬಂದಾವ್ರಿ, ವಾಪಸ್ ಕಳಸ್ರಿ." ಸಿಂದಗಿ ಕಡೆಯ ಒಂದು ಹೈಸ್ಕೂಲಿನಿಂದ ಬಂದ ಫೋನ್ ಇದು. ಹೋಗಿ ನೋಡಿದರೆ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಹೆಡ್ ಮಾಸ್ತರರ ಹಳೇ ವಿಂಡೋಸ್ 7 ಮಷಿನ್‌ನಲ್ಲಿದ್ದ ಪ್ರಶ್ನೆಪತ್ರಿಕೆ ಫೋಲ್ಡರ್ ಹೊಸ ವಿಂಡೋಸ್ 11ರಲ್ಲಿ ತೆರೆಯುತ್ತಿರಲಿಲ್ಲ, ಅಷ್ಟೇ. ವಿಜಯಪುರ ಜಿಲ್ಲೆಯಲ್ಲಿ ನಾನು ನೋಡಿದ ಲ್ಯಾಬ್‌ಗಳಲ್ಲಿ ಜನ ಎಡವುವುದು ಜಾಸ್ತಿ ಇಲ್ಲೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೇಬಲ್. ಹಳೇ ಸ್ವಿಚ್ (ಲ್ಯಾಬಿನ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) 100 ಎಂಬಿಪಿಎಸ್ ವೇಗದ್ದಾದರೂ ಹೊಸ ಕಂಪ್ಯೂಟರ್ ಅದಕ್ಕೆ ಹೊಂದಿಕೊಂಡು ನಡೆಯುತ್ತದೆ. ಅದರ ಹತ್ತರಷ್ಟು ವೇಗದ ಗಿಗಾಬಿಟ್ ಸ್ವಿಚ್ ತಂದರೆ ಮಾತ್ರ ಹುಷಾರು. 100ಕ್ಕೆ ಕೇಬಲ್ಲಿನ ಎಂಟು ಎಳೆಗಳಲ್ಲಿ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಒಂದೇ ಕೇಬಲ್ ಸೀಳಿ ಎರಡು ಕಂಪ್ಯೂಟರಿಗೆ ಕೊಟ್ಟ ಪುಣ್ಯಾತ್ಮರ ಕೆಲಸವನ್ನೂ ನೋಡಿದ್ದೇನೆ. ಅಲ್ಲಿ ಹೊಸ ಕೇಬಲ್ ಎಳೆಯದೆ ಗತಿಯಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ 'ಸಿಸಿಎ' ಎಂದಿದ್ದರೆ ಮುಟ್ಟಬೇಡಿ. ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಬ್ಲೇಡಿನಿಂದ ಎಳೆ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ.

ಇನ್ನೊಂದು ಮಾತು. ಖಾಲಿ ಬಿದ್ದ ಕೇಬಲ್ ತುದಿಯನ್ನು "ಇರಲಿ" ಅಂತ ಸ್ವಿಚ್ಚಿಗೇ ಚುಚ್ಚಬೇಡಿ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದ್ದರೆ ಇಡೀ ಲ್ಯಾಬ್ ಸ್ತಬ್ಧ. ಗೋಲಗುಮ್ಮಟದಲ್ಲಿ ಕೂಗಿದರೆ ದನಿ ಏಳು ಸಲ ತಿರುಗಿ ಬಂದು ಸುಮ್ಮನಾಗುತ್ತದೆ ಅಲ್ವಾ? ಇಲ್ಲಿ ಕಂಪ್ಯೂಟರ್ ಕಳಿಸಿದ ಸಂದೇಶ ಸುತ್ತುತ್ತಲೇ ಇರುತ್ತದೆ, ಸುಮ್ಮನಾಗುವುದೇ ಇಲ್ಲ. ಕೇಬಲ್ ಕಿತ್ತಾಗಲೇ ಶಾಂತಿ.

ಆಮೇಲೆ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಕಂಪ್ಯೂಟರಿನ ಗುರುತಿನ ನಂಬರ್. ಹಳೇ ಕಂಪ್ಯೂಟರುಗಳಿಗೆ ಯಾರೋ ಕೈಯಾರೆ ನಂಬರ್ ಕೊಟ್ಟಿರುತ್ತಾರೆ. ಅದೇ ನಂಬರ್ ಹೊಸದಕ್ಕೂ ಬಿದ್ದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಪ್ರತಿ ಮಷಿನ್‌ನಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಆಜ್ಞೆ ಕೊಟ್ಟು ನಂಬರ್ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಸಿಪಿಯು ಮೇಲೂ ಮಾರ್ಕರ್‌ನಿಂದ ಬರೆಯಿರಿ. ಹಳೆಯವು 192.168.1.11ರಿಂದ 30ರವರೆಗೆ ಇದ್ದರೆ ಹೊಸದಕ್ಕೆ 41ರಿಂದ ಕೊಡಿ. ರೂಟರ್ ತಾನಾಗಿ ಹಂಚುವ ನಂಬರುಗಳನ್ನು 100ರ ಆಚೆಗೆ ಸರಿಸಿ. ನಂಬರ್ 169.254 ಎಂದು ಶುರುವಾದರೆ ಆ ಕಂಪ್ಯೂಟರಿಗೆ ವಿಳಾಸ ಕೊಡುವವರು ಯಾರೂ ಸಿಕ್ಕಿಲ್ಲ ಅಂತ ಅರ್ಥ.

ಈಗ ಅಸಲಿ ಕಥೆ, ಶೇರ್ ಫೋಲ್ಡರ್.

ಹಳೇ ಲ್ಯಾಬ್‌ಗಳಲ್ಲಿ ಒಂದು ವಿಂಡೋಸ್ 7 ಮಷಿನ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ಫೋಲ್ಡರ್ ತೆರೆದಿಟ್ಟಿರುತ್ತಾರೆ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಬಂದಮೇಲೆ ಹೀಗೆ ಹೆಸರು ಹೇಳದೆ ಒಳಗೆ ಹೋಗುವುದು ನಿಂತಿದೆ. ಆಗ ಜನ ಯೂಟ್ಯೂಬ್ ನೋಡಿ ಭದ್ರತೆಯ ಒಂದೊಂದೇ ಚಿಲಕ ತೆಗೆಯುತ್ತಾ ಹೋಗುತ್ತಾರೆ. ಮಾಡಬೇಡಿ. ಹೊಸದನ್ನು ಹಳೆಯದಕ್ಕೆ ಬಗ್ಗಿಸುವ ಬದಲು ಫೋಲ್ಡರನ್ನೇ ಹೊಸ ಮಷಿನ್‌ಗೆ ತನ್ನಿ. ವಿಂಡೋಸ್ 7 ಹೊಸ ಮಷಿನ್ ಜೊತೆ ಚೆನ್ನಾಗಿಯೇ ಮಾತಾಡುತ್ತದೆ. ಆದರೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ, ಹಾಗಾಗಿ ಇಂಟರ್ನೆಟ್ ಕೊಡಬೇಡಿ, ಲ್ಯಾಬ್ ಒಳಗಿನ ಕೆಲಸಕ್ಕೆ ಇರಲಿ.

ಹೊಸ ಮಷಿನ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ 'ಪಬ್ಲಿಕ್' ಇದ್ದದ್ದನ್ನು 'ಪ್ರೈವೇಟ್' ಮಾಡಿ. ಫೈಲ್ ಶೇರಿಂಗ್ ಆನ್ ಮಾಡಿ. ಲ್ಯಾಬಿಗೆ ಅಂತಲೇ ಒಂದು ಲೋಕಲ್ ಅಕೌಂಟ್ (ಆ ಮಷಿನ್‌ಗಷ್ಟೇ ಸೇರಿದ್ದು) ತೆರೆಯಿರಿ, ಅಡ್ಮಿನ್ ಬೇಡ. ಪಾಸ್‌ವರ್ಡ್ ಖಾಲಿ ಬಿಟ್ಟರೆ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದಿಲ್ಲ, ಚಿಕ್ಕದಾದರೂ ಒಂದು ಇರಲಿ. ಇಲ್ಲಿ ಇನ್ನೊಂದು ಗುಂಡಿ ಇದೆ. ದಿನಾ ಲಾಗಿನ್ ಆಗಲು ಹಾಕುವ ನಾಲ್ಕಂಕಿ ಪಿನ್ ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಪಿನ್ ಹೊಡೆದು ಹೊಡೆದು "ಪಾಸ್‌ವರ್ಡ್ ತಪ್ಪು ಅಂತೈತ್ರಿ" ಎಂದು ಒಬ್ಬ ಅಕ್ಕೋರು ಅರ್ಧ ದಿನ ಕಳೆದಿದ್ದರು.

ಮುಂದೆ ಡಿ ಡ್ರೈವಿನಲ್ಲಿ ಫೋಲ್ಡರ್ ಮಾಡಿ. ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್. ಅಲ್ಲಿ 'ಎವ್ರಿಒನ್' ತೆಗೆದು ಲ್ಯಾಬ್ ಅಕೌಂಟ್ ಸೇರಿಸಿ, ಬರೆಯುವ ಅನುಮತಿಯನ್ನೂ ಕೊಡಿ. ಇಷ್ಟಕ್ಕೇ ಮುಗಿಯಿತು ಅಂತ ಎದ್ದು ಹೋಗುತ್ತಾರೆ. ಮುಗಿದಿಲ್ಲ. ಪಕ್ಕದ 'ಸೆಕ್ಯೂರಿಟಿ' ಟ್ಯಾಬಿನಲ್ಲೂ ಅದೇ ಅಕೌಂಟ್‌ಗೆ ಅದೇ ಅನುಮತಿ ಬೇಕು. ಇವೆರಡು ಮನೆಯ ಎರಡು ಬಾಗಿಲು ಇದ್ದ ಹಾಗೆ. ಒಂದು ಮುಚ್ಚಿದ್ದರೂ ಒಳಗೆ ಹೋಗಲಾಗದು. ಫೋಲ್ಡರ್ ತೆರೆಯುತ್ತದೆ, ಆದರೆ ಫೈಲ್ ಸೇವ್ ಆಗುವುದಿಲ್ಲ ಎಂದಾದರೆ ಮೊದಲು ನೋಡಬೇಕಾದ್ದು ಇವೆರಡು ಟ್ಯಾಬ್.

ಕೊನೆಗೆ ಹಳೇ ಮಷಿನ್‌ಗಳಲ್ಲೂ ಅದೇ ಹೆಸರಿನ, ಅದೇ ಪಾಸ್‌ವರ್ಡಿನ ಅಕೌಂಟ್ ಮಾಡಿಬಿಡಿ. ಮಕ್ಕಳು ಅದರಲ್ಲೇ ಲಾಗಿನ್ ಆದರೆ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಒಂದು ವಿಂಡೋಸ್ 11 ಮಷಿನ್‌ಗೆ ಒಮ್ಮೆಗೆ 20 ಕಂಪ್ಯೂಟರ್ ಮಾತ್ರ ಹೀಗೆ ಸೇರಬಹುದು. ಅದಕ್ಕಿಂತ ದೊಡ್ಡ ಲ್ಯಾಬ್ ಆದರೆ ಫೋಲ್ಡರ್ ಮಷಿನ್‌ಗೆ ವಿಂಡೋಸ್ ಬದಲು ಉಬುಂಟು ಹಾಕಿ, ಫೋಲ್ಡರ್ ಹಂಚುವ ಸಾಂಬಾ ಎಂಬ ತಂತ್ರಾಂಶ ನಡೆಸಿ.

ವಿಂಡೋಸ್ ಎಕ್ಸ್‌ಪಿ ಇನ್ನೂ ಉಳಿದಿದ್ದರೆ? ಫೋಲ್ಡರ್ ಹಂಚಲು ಅದಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೇ ಭಾಷೆ ಮಾತ್ರ. 2017ರ ಮೇ ತಿಂಗಳಲ್ಲಿ ಜಗತ್ತಿನ ತುಂಬಾ ಕಂಪ್ಯೂಟರುಗಳಿಗೆ ಬೀಗ ಜಡಿದ ವನ್ನಾಕ್ರೈ ಎಂಬ ಕೆಟ್ಟ ಪ್ರೋಗ್ರಾಂ ಹರಡಿದ್ದು ಅದೇ ದಾರಿಯಲ್ಲಿ. ಹೊಸ ಮಷಿನ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡಿ ಎನ್ನುವವರ ಮಾತು ಕೇಳಬೇಡಿ. ಎಕ್ಸ್‌ಪಿ ಮಷಿನ್‌ನ ಕೇಬಲ್ ಕಿತ್ತು ಟೈಪಿಂಗ್ ಕಲಿಯುವ ಮಕ್ಕಳಿಗೆ ಬಿಡಿ.

ಎಲ್ಲ ಆದಮೇಲೂ ಒಂದು ಫೋನ್ ಬಂದೇ ಬರುತ್ತದೆ: "ಸರ, ಫೈಲ್ ತೆರೀತೈತಿ, ಕನ್ನಡ ಮಾತ್ರ ಕೆಟ್ಟೈತ್ರಿ." ಕೆಟ್ಟಿಲ್ಲ. ಹಳೇ ಪ್ರಶ್ನೆಪತ್ರಿಕೆಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿರುತ್ತವೆ. ಆ ಫಾಂಟ್ ಹೊಸ ಮಷಿನ್‌ನಲ್ಲಿ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ನುಡಿ ಹಾಕಿ, ಪುರುಸೊತ್ತು ಇದ್ದಾಗ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಬದಲಿಸುವಾಗ ಒತ್ತಕ್ಷರ ಅಲ್ಲಲ್ಲಿ ಜಾರಬಹುದು. ಮೂಲ ಫೈಲನ್ನು ವಾರ್ಷಿಕ ಪರೀಕ್ಷೆ ಮುಗಿಯುವವರೆಗಾದರೂ ಅಳಿಸಬೇಡಿ.