ನನ್ನ ಮೊದಲ ಮಣೆ ಒಡೆದದ್ದು ಹೀಗೆ

ಅಮ್ಮನಿಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶ ಇಡಲು ಹೊಸ ಮಣೆ ಬೇಕಿತ್ತು. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಪ್ಲೈವುಡ್ ಮೇಲೆ ಸ್ಟಿಕ್ಕರ್ ಅಂಟಿಸಿದ್ದು. "ನಾನೇ ಮಾಡ್ತೀನಿ ಬಿಡಮ್ಮ" ಅಂದುಬಿಟ್ಟೆ. ಅಲ್ಲಿಯವರೆಗೆ ನಾನು ಮಾಡಿದ್ದ ಮರಗೆಲಸ ಅಂದರೆ ಕ್ಯಾಲೆಂಡರಿಗೆ ಮೊಳೆ ಹೊಡೆದದ್ದು. ಅದೂ ಗೋಡೆಗೆ.

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಎರಡನೇ ಮಹಡಿ. ಮೊದಲು ಕೊಂಡದ್ದು ಕರೆಂಟಿನ ಗರಗಸ. ಒಂದೇ ಒಂದು ಭಾನುವಾರ ಓಡಿಸಿದೆ. ಕೆಳಗಿನ ಮನೆಯವರು ಮೇಲೆ ಬಂದು, "ಮಗಳಿಗೆ ನಾಳೆ ಪರೀಕ್ಷೆ" ಅಂದರು. ಮಷೀನು ಅಟ್ಟ ಸೇರಿತು. ಕೈಯಲ್ಲೇ ಕೆಲಸ ಮಾಡೋದು ಅಂತ ಆಗಿದ್ದು ಹೀಗೆ, ದೊಡ್ಡ ಆದರ್ಶ ಏನೂ ಇಲ್ಲ.

ಕೈ ಹತಾರ ಜಾಸ್ತಿ ಬೇಕಾಗಲಿಲ್ಲ. ಅರ್ಧ ಇಂಚಿನದು, ಒಂದು ಇಂಚಿನದು ಎರಡು ಉಳಿ, ಸಣ್ಣ ಹಲ್ಲಿನ ಗರಗಸ, ಮರ ಹೆರೆದು ನಯ ಮಾಡುವ ಉಜ್ಜುಗೊರಡು, ಮೂಲೆ ನೇರ ಇದೆಯಾ ನೋಡುವ ಮೂಲೆಮಟ್ಟ, ಉಳಿಗೆ ಹೊಡೆಯಲು ಮರದ ಕೊಡತಿ, ಮರವನ್ನು ಬಿಗಿದು ಹಿಡಿಯುವ ಎರಡು ಕ್ಲ್ಯಾಂಪು. ಎಸ್‌ಪಿ ರೋಡ್ ಕಡೆ ಒಂದು ಮಧ್ಯಾಹ್ನ ಸುತ್ತಿ ತಂದೆ. ಹೊಸ ಉಳಿ ಅಲ್ವಾ, ಹರಿತ ಇದ್ದೇ ಇರುತ್ತೆ ಅಂದುಕೊಂಡೆ. ಮರಕ್ಕೆ ಇಟ್ಟು ಹೊಡೆದರೆ ಕೊಯ್ಯಲಿಲ್ಲ, ಜಜ್ಜಿತು.

ಪಕ್ಕದ ಮನೆಯಲ್ಲಿ ಬಾಗಿಲು ಕೂರಿಸುತ್ತಿದ್ದ ವಯಸ್ಸಾದ ಆಚಾರ್ರು ಒಬ್ಬರು ಇದನ್ನೆಲ್ಲ ಟೆರೇಸಿನಿಂದ ನೋಡುತ್ತಿದ್ದರು. "ಏನ್ ಮೇಡಂ, ಕೆಲಸ ಮಾಡ್ತಿದ್ದೀರೋ, ಮರದ ಮೇಲೆ ಸಿಟ್ಟು ತೀರಿಸ್ಕೊಳ್ತಿದ್ದೀರೋ?" ಉಳಿ ಈಸಿಕೊಂಡು ಹೆಬ್ಬೆರಳಲ್ಲಿ ಸವರಿ, "ಇದರಲ್ಲಿ ಬೆಣ್ಣೆ ಹಚ್ಚಬಹುದು" ಅಂದರು.

ಅವತ್ತಿಂದ ಎರಡು ವಾರ ನಾನು ಮಾಡಿದ್ದು ಉಳಿ ಮಸೆಯೋದು ಒಂದೇ. ಸಾಣೆಕಲ್ಲು ಇರಲಿಲ್ಲ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್, ಅಂದರೆ ನೀರಲ್ಲಿ ನೆನೆದರೂ ಹಾಳಾಗದ ಉಪ್ಪುಕಾಗದ, ಇಟ್ಟು ನೀರು ಚಿಮುಕಿಸಿ ಉಜ್ಜಿದೆ. ಮೊದಲು 220 ನಂಬರು, ಆಮೇಲೆ 400, 1000, ಕೊನೆಗೆ 2000; ನಂಬರು ಏರಿದಷ್ಟೂ ಪೇಪರು ನುಣುಪು. ಉಳಿಯ ಬೆನ್ನು ಮೊದಲು ಸಪಾಟಾಗಬೇಕು. ಎಲ್ಲರೂ ಇಳಿಜಾರಿನ ಕಡೆಯನ್ನೇ ಉಜ್ಜುತ್ತಾರೆ, ನಾನೂ ಅದೇ ಮಾಡಿದ್ದೆ. ಬೆನ್ನು ಸರಿಯಾದ ಮೇಲೆ ಇಳಿಜಾರನ್ನು ಸುಮಾರು 25 ಡಿಗ್ರಿಯಲ್ಲಿ, ಕೈ ಅಲ್ಲಾಡದ ಹಾಗೆ ಹಿಡಿದು ಉಜ್ಜಬೇಕು. ಸ್ವಲ್ಪ ಹೊತ್ತಿಗೆ ಬೆನ್ನಿನ ತುದಿಯಲ್ಲಿ ಬೆರಳಿಗೆ ಸಣ್ಣ ತರಿ ತಗಲುತ್ತೆ. ಅದು ಅಂಚಿನ ಉದ್ದಕ್ಕೂ ಬಂತು ಅಂದರೆ ಮುಂದಿನ ಪೇಪರಿಗೆ ಹೋಗಬಹುದು. ಪೈನ್ ತುಂಡಿನ ತಲೆಯ ಕಡೆ, ಅಂದರೆ ಎಳೆ ತುಂಡಾಗುವ ಕಡೆ, ಕೈಯಿಂದ ಒತ್ತಿ ಕೆತ್ತಿ ನೋಡಿದೆ. ಪುಡಿಯಾಗದೆ ತೆಳ್ಳಗಿನ ಸಿಪ್ಪೆ ಸುರುಳಿ ಎದ್ದಾಗ ಅಡುಗೆಮನೆಗೆ ಓಡಿಹೋಗಿ ಅಮ್ಮನಿಗೆ ತೋರಿಸಿದೆ. "ಮಣೆ ಎಲ್ಲಿ?" ಅಂದರು.

ಕೈ ಪಳಗಿಸಿಕೊಳ್ಳಲು ಗುಜರಿಯಿಂದ ಪೈನ್ ಪ್ಯಾಲೆಟ್, ಅಂದರೆ ಸರಕು ಪೇರಿಸಿ ಸಾಗಿಸುವ ಮರದ ಅಡಿಹಲಗೆ, ತಂದಿದ್ದೆ. ಅದರ ಮೇಲಿನ ಮುದ್ರೆ ನೋಡಿ ತನ್ನಿ. ಎಚ್‌ಟಿ ಅಂತಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಅನಿಲ ಹಾಯಿಸಿದ್ದು, ಅದು ಬೇಡ.

ಮಣೆಗೆ ಮರ ತರಲು ಮೈಸೂರು ರಸ್ತೆಯ ಟಿಂಬರ್ ಯಾರ್ಡಿಗೆ ಹೋದೆ. ಅಲ್ಲಿ ಲೆಕ್ಕ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ನಾಲ್ಕು ಅಡಿ ಉದ್ದ, ಹನ್ನೆರಡು ಇಂಚು ಅಗಲ, ಒಂದು ಇಂಚು ದಪ್ಪದ ಹಲಗೆ ಅಂದರೆ ಸಿಎಫ್‌ಟಿಯ ಮೂರನೇ ಒಂದು ಭಾಗ. ಆ ಒಂದು ಇಂಚು ಉಜ್ಜಿದ ಮೇಲೆ ಮುಕ್ಕಾಲು ಇಂಚಿಗೆ ಇಳಿಯುತ್ತೆ ಅನ್ನೋದು ನೆನಪಿರಲಿ. ತೇಗದ ಬೆಲೆ ಕೇಳಿ ಸುಮ್ನಾದೆ. ಹಲಸು ತಂದೆ. ಕೊಯ್ದಾಗ ಅರಿಶಿನದಂಥ ಬಣ್ಣ, ದಿನ ಕಳೆದ ಹಾಗೆ ಕಂದಾಗುತ್ತೆ.

ಜುಲೈ ಮಳೆಯಲ್ಲಿ ಮಣೆ ಸಿದ್ಧವಾಯಿತು. ಹಲಗೆಯ ಅಡಿಗೆ ಅಡ್ಡಲಾಗಿ ಎರಡು ಪಟ್ಟಿ. ಗಟ್ಟಿಯಾಗಿರಲಿ ಅಂತ ಫೆವಿಕಾಲ್ ಬಳಿದು, ಮೇಲಿಂದ ಸ್ಕ್ರೂ ಬೇರೆ ಬಿಗಿದೆ. ಹಬ್ಬಕ್ಕೆ ಬಂದವರೆಲ್ಲ ಹೊಗಳಿದರು. ಶಿವರಾತ್ರಿ ಕಳೆದು ಬಿಸಿಲೇರಿದ ಒಂದು ರಾತ್ರಿ ದೇವರ ಕೋಣೆಯಿಂದ ಟಪ್ ಅಂತ ಸದ್ದು. ಹೋಗಿ ನೋಡಿದರೆ ಮಣೆಯ ನಡುವೆ ಎಳೆಯ ಗುಂಟ ಉದ್ದಕ್ಕೆ ಬಿರುಕು, ಎಂಟಾಣೆ ನಾಣ್ಯ ತೂರುವಷ್ಟು.

ತಪ್ಪು ಮರದ್ದಲ್ಲ. ಮರ ಉದ್ದದಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತೆ, ಅಗಲದಲ್ಲಿ ಮಾತ್ರ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತೆ. ಒಂದು ಅಡಿ ಅಗಲದ ಹಲಗೆಯಲ್ಲಿ ಇದು ಎರಡು ಮೂರು ಮಿಲಿಮೀಟರ್ ಆಗಬಹುದು. ಹಲಗೆ ಕುಗ್ಗಲು ಹೋದರೆ ಅಡ್ಡಪಟ್ಟಿ ಬಿಡಲಿಲ್ಲ. ಬಿಡದ ಹಾಗೆ ಬಿಗಿದವಳು ನಾನೇ.

ಅಟ್ಟದಲ್ಲಿ ಅಜ್ಜಿ ಕಾಲದ ಮಣೆ ಇತ್ತು. ಇಳಿಸಿ ತಿರುಗಿಸಿ ನೋಡಿದೆ. ಒಂದು ಮೊಳೆ ಇಲ್ಲ, ಅಂಟಿಲ್ಲ. ಹಲಗೆಯ ಅಡಿಯಲ್ಲಿ ಕಾಲುವೆಯಂಥ ಕಚ್ಚು, ಬಾಯಿ ಕಿರಿದು, ತಳ ಅಗಲ. ಪಟ್ಟಿಯ ಅಂಚನ್ನೂ ಅದೇ ಆಕಾರಕ್ಕೆ ಕೆತ್ತಿ ಪಕ್ಕದಿಂದ ತೂರಿಸಿದ್ದಾರೆ. ಪಟ್ಟಿ ಕಳಚಿ ಬೀಳಲ್ಲ, ಹಲಗೆ ಡೊಂಕಾಗಲೂ ಬಿಡಲ್ಲ, ಆದರೆ ಹಿಗ್ಗಿ ಕುಗ್ಗಲು ಜಾಗ ಬಿಡುತ್ತೆ.

ಅದನ್ನು ನೋಡಿಕೊಂಡು ಎರಡನೇ ಮಣೆ ಮಾಡಿದೆ. ಈ ಸಲ ಹಲಗೆ ತಂದ ಮೇಲೆ, ಮಧ್ಯೆ ಗಾಳಿಯಾಡಲು ಮರದ ಸಣ್ಣ ಪಟ್ಟಿ (ರೀಪು) ಕೊಟ್ಟು ಎರಡು ತಿಂಗಳು ಮಂಚದ ಕೆಳಗೆ ಒಣಗಲು ಬಿಟ್ಟೆ. ಆ ಕಚ್ಚು ತೆಗೆಯಲು ನಾಲ್ಕು ಭಾನುವಾರ ಹಿಡಿಯಿತು, ಎರಡು ಹಲಗೆ ಹಾಳಾದವು. ಕೊನೆಗೆ ಅಗಸೆ ಎಣ್ಣೆ ಹಚ್ಚಿದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ.

ಮೊದಲ ಮಣೆಯನ್ನು ಅಮ್ಮ ಬಿಸಾಡಲು ಹೊರಟಿದ್ದರು, ನಾನು ಕೊಡಲಿಲ್ಲ. ಉಳಿ ಮಸೆಯುವ ಗಾಜು ಈಗ ಅದರ ಮೇಲೇ ಇದೆ. ಚೆಲ್ಲಿದ ನೀರು ಬಿರುಕಿನಲ್ಲೇ ಇಳಿದುಹೋಗುತ್ತೆ.